ಅಡಿಕೆ ತೋಟದ ಕಂಡಿಗೆ ಐದಾರು ಸಾವಿರದ ಟ್ರೇಲ್ ಕ್ಯಾಮೆರಾ: ಹಾಕಬಹುದೇ?

ಕೆಳಗದ್ದೆ

ಸಾಗರ ತಾಲ್ಲೂಕು, ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡು) ತಾಗಿಕೊಂಡ ಮೂರು ಎಕರೆ ಅಡಿಕೆ ತೋಟ. ಎರಡು ವರ್ಷದ ಸಸಿಗಳ ಬುಡವನ್ನು ರಾತ್ರಿ ಯಾವುದೋ ಪ್ರಾಣಿ ಕಡಿದು ಹಾಕುತ್ತಿದೆ. ನಡುವೆ ನೆಟ್ಟ ಬಾಳೆಯ ಗಡ್ಡೆಯನ್ನೂ ಕೆದರಿರುತ್ತದೆ. ಮುಳ್ಳುಹಂದಿಯೋ, ಕಾಡುಹಂದಿಯೋ, ಎರಡೂ ಬರುತ್ತವೆಯೋ ಖಚಿತವಾದರೆ ಬೇಲಿಗೆ ಹಣ ಹಾಕುವುದು ಹೇಗೆ ಅಂತ ತೀರ್ಮಾನಿಸಬಹುದು.

ಎದುರಿಗೆ ಪ್ರಾಣಿ ಹಾದರೆ ತಾನಾಗಿ ಫೋಟೋ ತೆಗೆಯುವ ಟ್ರೇಲ್ ಕ್ಯಾಮೆರಾ ಆನ್‌ಲೈನಿನಲ್ಲಿ 5-6 ಸಾವಿರಕ್ಕೆ ಸಿಗುತ್ತಿವೆ. 36 ಮೆಗಾಪಿಕ್ಸೆಲ್, 0.2 ಸೆಕೆಂಡ್ ಟ್ರಿಗರ್ (ಪ್ರಾಣಿ ಹಾದ ಮೇಲೆ ಫೋಟೋ ಬೀಳಲು ಹಿಡಿಯುವ ಹೊತ್ತು), ರಾತ್ರಿ 25 ಮೀಟರ್ ದೂರ ಕಾಣುತ್ತದೆ, ಬ್ಯಾಟರಿ 8 ತಿಂಗಳು ಅಂತೆಲ್ಲ ಬರೆದಿದೆ. ಇದರಲ್ಲಿ ಎಷ್ಟನ್ನು ನಂಬಬೇಕು? ಮಳೆಗಾಲ ತಡೆಯುತ್ತದೆಯೇ? ಕೆಂಪು ಬೆಳಕು ಕಾಣುವುದು, ಕಾಣದೇ ಇರುವುದು ಅಂತ ಎರಡು ಬಗೆ ಇವೆ, ಯಾವುದು ಒಳ್ಳೆಯದು? ಬಳಸಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಹಾಳೆಟೊಪ್ಪಿ

ನಿಮ್ಮ ಕೆಲಸಕ್ಕೆ ಧಾರಾಳ ಸಾಕು. ಯಾವ ಪ್ರಾಣಿ, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಬಂತು ಎನ್ನುವಷ್ಟು ತಿಳಿಯಲು ಇಪ್ಪತ್ತು ಸಾವಿರದ ಕ್ಯಾಮೆರಾ ಬೇಡ. ಆದರೆ ಡಬ್ಬಿಯ ಮೇಲೆ ಬರೆದಿರುವ ಅಂಕಿಗಳನ್ನು ಬದಿಗಿಡಿ.

36 ಮೆಗಾಪಿಕ್ಸೆಲ್ ಎಂದರೆ ಒಳಗಿರುವ ಸೆನ್ಸರ್ ಅಷ್ಟು ದೊಡ್ಡದು ಅಂತ ಅಲ್ಲ. ಈ ಬೆಲೆಯಲ್ಲಿ ಸಾಮಾನ್ಯವಾಗಿ ಇರುವುದು 2ರಿಂದ 8 ಮೆಗಾಪಿಕ್ಸೆಲ್ಲಿನ ಸೆನ್ಸರ್. ಉಳಿದದ್ದನ್ನು ಸಾಫ್ಟ್‌ವೇರ್ ಹಿಗ್ಗಿಸಿ ತುಂಬುತ್ತದೆ. ಹಿಗ್ಗಿಸಿದ ಚಿತ್ರದಲ್ಲಿ ಹೊಸ ವಿವರ ಒಂದೂ ಇರುವುದಿಲ್ಲ, ಕಾರ್ಡ್ ಮಾತ್ರ ಬೇಗ ತುಂಬುತ್ತದೆ. ಮೇಲಾಗಿ ಒಂದು ಫೋಟೋ ಬರೆದು ಮುಗಿಸಿ ಮುಂದಿನದಕ್ಕೆ ತಯಾರಾಗಲು ಕ್ಯಾಮೆರಾಕ್ಕೆ ಹೆಚ್ಚು ಹೊತ್ತು ಬೇಕಾಗುತ್ತದೆ. ಮೆನುವಿನಲ್ಲಿ 5 ಅಥವಾ 8 ಮೆಗಾಪಿಕ್ಸೆಲ್‌ಗೆ ಇಳಿಸಿ ಅಲ್ಲೇ ಬಿಡಿ.

ಟ್ರಿಗರ್ ವೇಗವೇ ಅಗ್ಗದ ಕ್ಯಾಮೆರಾದ ನಿಜವಾದ ದೌರ್ಬಲ್ಯ. 0.2 ಸೆಕೆಂಡ್ ಅಂತ ಬರೆದದ್ದು ಹಗಲಲ್ಲಿ ಅರ್ಧ ಸೆಕೆಂಡಿನ ಮೇಲೆ, ರಾತ್ರಿ ಒಂದು ಸೆಕೆಂಡಿನ ಹತ್ತಿರ ಆಗುವುದು ಸಾಮಾನ್ಯ. ಇದರ ಪರಿಣಾಮ ಲೆಕ್ಕ ಹಾಕಿ ನೋಡಿ. ಲೆನ್ಸಿನ ಕೋನ 50 ಡಿಗ್ರಿ ಇದ್ದರೆ 3 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ಸುಮಾರು 2.8 ಮೀಟರ್. ಸೆಕೆಂಡಿಗೆ 3 ಮೀಟರ್ ಓಡುವ ಹಂದಿ ಕ್ಯಾಮೆರಾ ಎಚ್ಚರಾಗುವಷ್ಟರಲ್ಲಿ ಆಚೆ ದಾಟಿರುತ್ತದೆ. ನಿಮಗೆ ಸಿಗುವುದು ಖಾಲಿ ದಾರಿ, ಇಲ್ಲವೇ ಒಂದು ಬಾಲ. ಅದೇ ಕ್ಯಾಮೆರಾವನ್ನು 5 ಮೀಟರ್ ದೂರ ಇಟ್ಟರೆ ಅಗಲ 4.6 ಮೀಟರ್ ದಾಟುತ್ತದೆ, ಹಂದಿ ಸಿಗುವ ಸಾಧ್ಯತೆ ಹೆಚ್ಚು.

ಇದಕ್ಕಿಂತ ಒಳ್ಳೆಯ ಉಪಾಯ, ಪ್ರಾಣಿ ಓಡುವ ಕಡೆ ಇಡದೆ ನಿಲ್ಲುವ ಕಡೆ ಇಡುವುದು. ಬೇಲಿಯ ಕಂಡಿಯಲ್ಲಿ ನುಗ್ಗುವ ಮೊದಲು ಸಾಮಾನ್ಯವಾಗಿ ಪ್ರಾಣಿ ಒಂದು ಗಳಿಗೆ ನಿಂತು ಮೂಸುತ್ತದೆ. ಕೆದರಿದ ಬಾಳೆಬುಡ, ಬಿದ್ದ ಹಲಸಿನ ಹಣ್ಣು, ಅಗಳದಲ್ಲಿ (ತೋಟದಂಚಿನ ಕಂದಕ) ನೀರು ನಿಂತ ಜಾಗ, ಇಲ್ಲೆಲ್ಲ ಅವು ನಿಮಿಷಗಟ್ಟಲೆ ಇರುತ್ತವೆ. ಅಲ್ಲಿ ಒಂದು ಸೆಕೆಂಡಿನ ತಡ ಲೆಕ್ಕಕ್ಕೇ ಬರುವುದಿಲ್ಲ.

ನಾಲ್ಕುಸೆಲ್

ಮೇಲಿನವರು ಹೇಳಿದ್ದು ಸರಿ. ನಾನು ಕರೆಂಟಿನ ವಿಷಯ ಸೇರಿಸುತ್ತೇನೆ. "ಕ್ಯಾಮೆರಾ ಕೆಟ್ಟಿದೆ" ಎನ್ನುವ ದೂರುಗಳಲ್ಲಿ ಬಹುಪಾಲು ಸೆಲ್ಲಿನದೇ ಸಮಸ್ಯೆ.

ಗಡಿಯಾರಕ್ಕೆ, ರಿಮೋಟಿಗೆ ಹಾಕುವ ಅಗ್ಗದ ಜಿಂಕ್ ಕಾರ್ಬನ್ ಸೆಲ್ ಖಂಡಿತ ಬೇಡ. ಹಗಲು ಫೋಟೋ ಚೆನ್ನಾಗಿ ಬರುತ್ತದೆ, ರಾತ್ರಿಯದು ಕಪ್ಪಾಗಿರುತ್ತದೆ, ಅಥವಾ ಕ್ಯಾಮೆರಾ ತಾನಾಗಿ ಆಫ್ ಆಗಿ ಆನ್ ಆಗುತ್ತದೆ. ರಾತ್ರಿ ಫೋಟೋಗೆ ಬೆಳಕು ಕೊಡುವ ಇನ್ಫ್ರಾರೆಡ್ ಎಲ್‌ಇಡಿಗಳು ಹೊತ್ತುವಾಗ ಒಮ್ಮೆಲೇ ದೊಡ್ಡ ಕರೆಂಟ್ ಎಳೆಯುತ್ತವೆ. ಆ ಸೆಲ್ಲಿಗೆ ಅಷ್ಟು ಕೊಡಲು ಆಗದೆ ವೋಲ್ಟೇಜ್ ಕುಸಿಯುತ್ತದೆ. ದಿನಾಂಕ ಪದೇ ಪದೇ ಮೊದಲಿನದಕ್ಕೆ ಹೋಗುತ್ತಿದ್ದರೆ ಅದಕ್ಕೂ ಹೆಚ್ಚಾಗಿ ಇದೇ ಕಾರಣ.

ಆಲ್ಕಲೈನ್ ಎಎ ಸೆಲ್ 8 ಹಾಕಿ. ಬೇರೆ ಬೇರೆ ಕಂಪನಿಯದು, ಹಳೆಯದು ಹೊಸದು ಬೆರೆಸಬೇಡಿ, ಒಂದು ಸೆಲ್ ಸೋತರೆ ಉಳಿದವುಗಳನ್ನೂ ಎಳೆದು ಸೋರುತ್ತದೆ. ರೀಚಾರ್ಜ್ ಮಾಡುವ ನಿಕಲ್ ಸೆಲ್ ಹಾಕುವ ಯೋಚನೆ ಇದ್ದರೆ ಮೊದಲು ಸೆಲ್ ಕೂರುವ ಜಾಗದ ಜೋಡಣೆ ನೋಡಿ. ಅನೇಕ ಮಾದರಿಗಳಲ್ಲಿ ನಾಲ್ಕು ನಾಲ್ಕರ ಎರಡು ಸಾಲು ಇರುತ್ತವೆ. ಆಲ್ಕಲೈನ್ ಆದರೆ 4 ಗುಣಿಸು 1.5, ಅಂದರೆ 6 ವೋಲ್ಟ್. ನಿಕಲ್ ಆದರೆ 4 ಗುಣಿಸು 1.2, ಅಂದರೆ 4.8 ವೋಲ್ಟ್ ಮಾತ್ರ. ಕೆಲವು ಕ್ಯಾಮೆರಾ ಇದರಲ್ಲೇ ನಡೆಯುತ್ತವೆ, ಕೆಲವು ಮೊದಲ ದಿನವೇ ಬ್ಯಾಟರಿ ಕಡಿಮೆ ಅಂತ ತೋರಿಸುತ್ತವೆ. ಲಿಥಿಯಂ ಎಎ ಸೆಲ್ ಎಲ್ಲಕ್ಕಿಂತ ಉತ್ತಮ, ಕೊನೆಯವರೆಗೂ ವೋಲ್ಟೇಜ್ ಬಿಟ್ಟುಕೊಡುವುದಿಲ್ಲ, ಬೆಲೆ ಮಾತ್ರ ಜಾಸ್ತಿ.

ತಿಂಗಳುಗಟ್ಟಲೆ ಇಡುವುದಾದರೆ ಹೊರಗಿನಿಂದ 6 ವೋಲ್ಟಿನ 4.5 ಅಥವಾ 7 ಆಂಪಿಯರ್ ಅವರ್ ಸೀಲ್ಡ್ ಬ್ಯಾಟರಿ ಕೊಡಿ. ಕ್ಯಾಮೆರಾದಲ್ಲಿ ವೈರ್ ಚುಚ್ಚುವ ಪಿನ್ನಿನ ಪಕ್ಕ ಎಷ್ಟು ವೋಲ್ಟ್ ಅಂತ ಬರೆದಿರುತ್ತದೆ, ಓದಿಕೊಂಡೇ ಕೊಡಿ. 6 ವೋಲ್ಟಿನದಕ್ಕೆ ಬೈಕಿನ 12 ವೋಲ್ಟ್ ಬ್ಯಾಟರಿ ಕೊಟ್ಟರೆ ಅಲ್ಲಿಗೆ ಮುಗಿಯಿತು. ನಡುವಿನ ಪಿನ್ ಪ್ಲಸ್ ಹೌದೋ ಅಲ್ಲವೋ ಅದನ್ನೂ ಮೀಟರಿನಲ್ಲಿ ನೋಡಿಕೊಳ್ಳಿ. ಬ್ಯಾಟರಿಯನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ವೈರನ್ನು ಡಬ್ಬಿಯ ತಳದಿಂದ ಹೊರಗೆ ತನ್ನಿ. ಕ್ಯಾಮೆರಾಕ್ಕೆ ಸೇರುವ ಮೊದಲು ವೈರ್ ಒಮ್ಮೆ ಕೆಳಗೆ ಜೋತು ಮೇಲೆ ಹೋಗಬೇಕು. ಹಾಗಿದ್ದರೆ ವೈರಿನಗುಂಟ ಇಳಿದ ನೀರು ಆ ತಿರುವಿನಲ್ಲೇ ತೊಟ್ಟಿಕ್ಕುತ್ತದೆ, ಪಿನ್ನಿಗೆ ಹೋಗುವುದಿಲ್ಲ.

ಸೋಲಾರ್ ಪ್ಯಾನೆಲ್ ಬಯಲು ಗದ್ದೆಗೆ ಆಗಬಹುದು. ಅಡಿಕೆ ಮರದ ನೆರಳಿನಲ್ಲಿ, ಅದೂ ಮಲೆನಾಡಿನ ಮಳೆಗಾಲದಲ್ಲಿ, ಅದಕ್ಕೆ ಕೊಟ್ಟ ದುಡ್ಡು ದಂಡ.

ರಾತ್ರಿ ವಿಡಿಯೋ ಬ್ಯಾಟರಿಯನ್ನು ನುಂಗುತ್ತದೆ, ಏಕೆಂದರೆ ವಿಡಿಯೋ ಮುಗಿಯುವವರೆಗೂ ಎಲ್‌ಇಡಿ ಉರಿಯುತ್ತಲೇ ಇರಬೇಕು. ಮೊದಲ ಎರಡು ವಾರ ಫೋಟೋ ಮಾತ್ರ ಇಡಿ: ಒಮ್ಮೆಗೆ 3 ಫೋಟೋ, ನಡುವೆ 30 ಸೆಕೆಂಡ್ ಬಿಡುವು. ಪ್ರಾಣಿ ಗೊತ್ತಾದ ಮೇಲೆ ಬೇಕಿದ್ದರೆ 10 ಸೆಕೆಂಡಿನ ವಿಡಿಯೋ.

ಅಗಳದಂಚು

ಅಡಿಕೆ ತೋಟದಲ್ಲಿ ಕ್ಯಾಮೆರಾ ಕಟ್ಟುವವರು ಮೊದಲು ಮಾಡುವ ತಪ್ಪು ಅಡಿಕೆ ಮರಕ್ಕೇ ಕಟ್ಟುವುದು. ಸಣ್ಣ ಗಾಳಿಗೂ ಮರ ತೂಗುತ್ತದೆ, ಕ್ಯಾಮೆರಾಕ್ಕೆ ಇಡೀ ತೋಟವೇ ಓಡಾಡಿದಂತೆ ಕಾಣುತ್ತದೆ. ಸಂಜೆ ತೆಗೆದು ನೋಡಿದರೆ ಸಾವಿರ ಫೋಟೋ, ಒಂದರಲ್ಲೂ ಪ್ರಾಣಿ ಇಲ್ಲ. ಬೇಲಿಯಂಚಿನ ದಪ್ಪ ಮರ ನೋಡಿ, ಇಲ್ಲದಿದ್ದರೆ ಒಂದೂವರೆ ಅಡಿ ಆಳಕ್ಕೆ ಗೂಟ ಹೊಡೆಯಿರಿ. ಚಗಳಿ ಗೂಡಿರುವ ಮರ ಬೇಡ, ಕ್ಯಾಮೆರಾದ ಬೆನ್ನಿನ ಸಂದು ಇರುವೆಗಳಿಗೆ ಬಹಳ ಪ್ರೀತಿಯ ಜಾಗ.

ಒಳಗಿನ ಪಿಐಆರ್ ಸೆನ್ಸರ್ ನೋಡುವುದು ಬಿಸಿಯ ವ್ಯತ್ಯಾಸವನ್ನು. ಸುತ್ತಲಿಗಿಂತ ಬೇರೆ ಬಿಸಿಯ ವಸ್ತು ಅಡ್ಡ ಹಾದರೆ ಅದು ಎಚ್ಚರಾಗುತ್ತದೆ. ಆದ್ದರಿಂದ ಬಿಸಿಲಿಗೆ ಕಾದ ಬಾಳೆಎಲೆ ಅಲುಗಿದರೂ ಫೋಟೋ ಬೀಳುತ್ತದೆ. ಮಾರ್ಚ್-ಏಪ್ರಿಲ್ ಮಧ್ಯಾಹ್ನ ಗಾಳಿಯ ಬಿಸಿಯೇ ಪ್ರಾಣಿಯ ಮೈಬಿಸಿಯ ಹತ್ತಿರ ಬಂದಾಗ ಎದುರಿಗೆ ನಿಂತರೂ ಬೀಳದೇ ಹೋಗಬಹುದು. ಮಳೆಯಲ್ಲಿ ಮೈ ತೊಯ್ದ ಪ್ರಾಣಿಯನ್ನೂ ಅದು ಸರಿಯಾಗಿ ಗುರುತಿಸುವುದಿಲ್ಲ. ನೇರ ಎದುರಿಗೆ ಬರುವ ಪ್ರಾಣಿಗಿಂತ ಅಡ್ಡ ಹಾಯುವುದನ್ನು ಬೇಗ ಹಿಡಿಯುತ್ತದೆ. ಹಾಗಾಗಿ ದಾರಿಗೆ ನೆಟ್ಟಗೆ ಇಡದೆ ಸುಮಾರು 45 ಡಿಗ್ರಿ ಓರೆಯಾಗಿಡಿ, ಅಡ್ಡ ಹಾಯುವುದೂ ಸಿಗುತ್ತದೆ, ಪ್ರಾಣಿ ಚೌಕಟ್ಟಿನಲ್ಲಿ ಹೆಚ್ಚು ಹೊತ್ತು ಇರುತ್ತದೆ. ಮುಖ ಉತ್ತರಕ್ಕಿರಲಿ. ಪೂರ್ವಕ್ಕೋ ಪಶ್ಚಿಮಕ್ಕೋ ಇಟ್ಟರೆ ಬೆಳಗ್ಗೆ ಸಂಜೆಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ.

ಎತ್ತರ: ಮುಳ್ಳುಹಂದಿ, ಕಾಡುಹಂದಿಗೆ ಮೊಣಕಾಲಿನ ಮಟ್ಟ, 40-50 ಸೆಂಟಿಮೀಟರ್. ಎದೆಮಟ್ಟಕ್ಕೆ ಕಟ್ಟಿದರೆ ಸಣ್ಣ ಪ್ರಾಣಿ ಸೆನ್ಸರಿನ ಕೆಳಗೇ ನುಸುಳುತ್ತದೆ. ಎದುರಿನ ಒಂದು ಮೀಟರಿನೊಳಗೆ ಎಲೆ, ಹುಲ್ಲು, ಜೇಡರ ಬಲೆ ಏನೂ ಇರಬಾರದು. ಹತ್ತಿರದ ಒಂದೇ ಒಂದು ಎಲೆ ಇನ್ಫ್ರಾರೆಡ್ ಬೆಳಕನ್ನೆಲ್ಲ ವಾಪಸು ಎಸೆಯುತ್ತದೆ. ಆಗ ಎಲೆ ಬೆಳ್ಳಗೆ ಹೊಳೆಯುತ್ತದೆ, ಅದರ ಹಿಂದಿನದೆಲ್ಲ ಕತ್ತಲೆ.

ಮಳೆಗೆ ಅಡಿಕೆ ಹಾಳೆಗಿಂತ ಒಳ್ಳೆಯ ಸೂರು ಇಲ್ಲ. ಅಗಲವಾದ ಹಾಳೆಯನ್ನು ಒಂದಡಿ ಉದ್ದಕ್ಕೆ ಕತ್ತರಿಸಿ, ನೀರಿನಲ್ಲಿ ನೆನೆಸಿ ಬಾಗಿಸಿ, ಕ್ಯಾಮೆರಾದ ಮೇಲೆ ಮೂರು ಬೆರಳು ಮುಂದೆ ಚಾಚುವಂತೆ ತಂತಿಯಲ್ಲಿ ಬಿಗಿಯಿರಿ. ಅಂಚು ಸೆನ್ಸರಿನ ಮುಂದೆ ಇಳಿಬಿದ್ದು ಅಲುಗಬಾರದು. ಒಣಗಿ ಸುರುಟಿದರೆ ಬದಲಿಸಿ.

ಅಗ್ಗದ ಕ್ಯಾಮೆರಾಗಳಿಗೆ ಸುರಿಯುವ ನೀರಿಗಿಂತ ಒಳಗೆ ಕೂರುವ ತೇವವೇ ದೊಡ್ಡ ಶತ್ರು. ಬಾಗಿಲಿನ ಸುತ್ತ ಇರುವ ರಬ್ಬರ್ ಪಟ್ಟಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ಒಳಗೆ ಸಿಲಿಕಾ ಜೆಲ್ಲಿನ ಸಣ್ಣ ಪೊಟ್ಟಣ ಇಡಿ, ಕಾರ್ಡ್ ಬದಲಿಸಲು ಹೋದಾಗಲೆಲ್ಲ ಅದನ್ನೂ ಬದಲಿಸಿ. ಮಳೆ ಸುರಿಯುವಾಗ ಬಾಗಿಲು ತೆರೆಯಬೇಡಿ.

ಕೆಳಗದ್ದೆ

ಎಲ್ಲರಿಗೂ ಧನ್ಯವಾದ. ಅಡಿಕೆ ಮರಕ್ಕೇ ಕಟ್ಟುವ ಯೋಚನೆಯಲ್ಲಿದ್ದೆ! ಕೆಂಪು ಬೆಳಕಿನ ಪ್ರಶ್ನೆ ಉಳಿಯಿತು. ಸಿಮ್ ಹಾಕಿ ಫೋಟೋ ಮೊಬೈಲಿಗೆ ಬರುವ ಮಾದರಿ ಎರಡು ಸಾವಿರ ಹೆಚ್ಚಿಗೆ ಸಿಗುತ್ತದೆ, ಅದು ಬೇಕೇ? ತೋಟಕ್ಕೆ ಕಳ್ಳರ ಕಾಟವೂ ಇದೆ.

ಹಾಳೆಟೊಪ್ಪಿ

ಬೆಳಕಿನ ತರಂಗಾಂತರ 850 ನ್ಯಾನೋಮೀಟರ್ ಇರುವುದರಲ್ಲಿ ಎಲ್‌ಇಡಿ ಹೊತ್ತಿದಾಗ ಮಂದ ಕೆಂಪು ಕಾಣುತ್ತದೆ, ಆದರೆ ಚಿತ್ರ ಸ್ಪಷ್ಟ, ದೂರವೂ ಹೆಚ್ಚು. 940ರದ್ದು ಕಣ್ಣಿಗೆ ಕಾಣುವುದಿಲ್ಲ, ಬದಲಿಗೆ ರಾತ್ರಿಯ ಚಿತ್ರ ಮಂಕು, ದೂರ ಕಡಿಮೆ. ಬರಿ ಪ್ರಾಣಿ ನೋಡಲು 850 ಸಾಕು. ಕೆಲವು ಪ್ರಾಣಿ ಬೆಳಕಿನತ್ತ ದಿಟ್ಟಿಸುತ್ತವೆ, ಹೆಚ್ಚಿನವು ಮೇಯುವುದನ್ನು ಮುಂದುವರಿಸುತ್ತವೆ. ಮನುಷ್ಯರು ಓಡಾಡುವ ಕಡೆ 940 ತೆಗೆದುಕೊಳ್ಳಿ, ಇಲ್ಲವಾದರೆ ಕ್ಯಾಮೆರಾವೇ ಮೊದಲು ಕಳುವಾಗುತ್ತದೆ. ಡಬ್ಬಿಯ ಮೇಲಿನ 25 ಮೀಟರ್ ಎನ್ನುವುದನ್ನು 8-10 ಅಂತಲೇ ಓದಿಕೊಳ್ಳಿ.

ಸಿಮ್ಮಿನದಕ್ಕೆ ನನ್ನ ಮತ ಬೇಡ. ಅಗ್ಗದ ಮಾದರಿಗಳಲ್ಲಿ ಇನ್ನೂ 2ಜಿ, 3ಜಿ ಮೋಡೆಮ್ ಬರುತ್ತವೆ. ಜಿಯೋದಲ್ಲಿ ಅವೆರಡೂ ಇಲ್ಲ, ಏರ್‌ಟೆಲ್ 3ಜಿ ನಿಲ್ಲಿಸಿದೆ. 4ಜಿ ಇದ್ದರೂ ನಮ್ಮ ಬ್ಯಾಂಡುಗಳು (ಸಿಗ್ನಲ್ ಓಡುವ ತರಂಗ ಪಟ್ಟಿಗಳು) ಅದರಲ್ಲಿ ಇವೆಯೇ ನೋಡಬೇಕು, ಜಿಯೋ ಆದರೆ 3, 5, 40. ತೋಟದ ತಗ್ಗಿನಲ್ಲಿ ಸಿಗ್ನಲ್ ಇಲ್ಲದಿದ್ದರೆ ಅದು ಹುಡುಕಿ ಹುಡುಕಿಯೇ ಬ್ಯಾಟರಿ ಮುಗಿಸುತ್ತದೆ. ಅಡಿಕೆ ಕಳ್ಳರಿಗೆ ಮನೆಯ ಕರೆಂಟಿನ ಸಿಸಿ ಕ್ಯಾಮೆರಾ ಬೇರೆಯೇ ಹಾಕಿಸಿ. ಟ್ರೇಲ್ ಕ್ಯಾಮೆರಾ ಆದದ್ದನ್ನು ತೋರಿಸುತ್ತದೆ, ತಡೆಯುವುದಿಲ್ಲ.

ಬರ್ಕದದಾರಿ

ಇಷ್ಟು ಹೊತ್ತೂ ಬಾರದ ಒಂದು ಮುಖ್ಯ ವಿಷಯ. ಕ್ಯಾಮೆರಾ ನಿಮ್ಮ ಖಾತೆಯ ಜಮೀನಿನೊಳಗೇ ಇರಲಿ. ಪ್ರಾಣಿ ಬರುವುದು ಬೆಟ್ಟದಿಂದ ಅಂತ ಬೇಲಿಯಾಚೆ ಕಾಡಿನ ಮರಕ್ಕೆ ಕಟ್ಟಬೇಡಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದು ತಪ್ಪು. ಪಕ್ಕದವರ ಅಂಗಳ, ಜನ ನಡೆಯುವ ಕಾಲುದಾರಿ, ಹೆಂಗಸರು ಸ್ನಾನ-ಬಟ್ಟೆಗೆ ಇಳಿಯುವ ಹೊಳೆಯ ಕಡೆಗೆ ಮುಖ ಮಾಡಬೇಡಿ, ಕೆಲಸದವರಿಗೂ ಕ್ಯಾಮೆರಾ ಇದೆ ಅಂತ ಹೇಳಿಬಿಡಿ.

ಚಿಪ್ಪುಹಂದಿ, ಚಿರತೆ ಸಿಕ್ಕರೆ ಊರಿನ ಹೆಸರು ಹಾಕಿ ವಾಟ್ಸಾಪ್ ಗುಂಪಿಗೆ ಬಿಡಬೇಡಿ. ಚಿಪ್ಪುಹಂದಿಯ ಸುಳಿವಿಗಾಗಿ ಕಾಯುವ ಬೇಟೆಗಾರರಿದ್ದಾರೆ, ಆ ಒಂದು ಫೋಟೋ ಅದರ ಜೀವಕ್ಕೆ ಎರವಾಗುತ್ತದೆ. ಪ್ರಾಣಿ ಬರಲಿ ಅಂತ ಮಾಂಸ, ಹಣ್ಣು ಇಟ್ಟು ಕರೆಯಲೂ ಬೇಡಿ. ಸಕಲೇಶಪುರ, ಆಲೂರು, ಕೊಡಗಿನ ಕಡೆಯವರು ಇದನ್ನು ಓದುತ್ತಿದ್ದರೆ: ಆನೆ ದಾರಿಯಲ್ಲಿ ಮೊಣಕಾಲೆತ್ತರಕ್ಕೆ ಕಟ್ಟಿದ ಕ್ಯಾಮೆರಾವನ್ನು ಆನೆ ಕಿತ್ತು ಎಸೆಯುವುದು ಸಾಮಾನ್ಯ, ಕಾರ್ಡ್ ತರಲು ಒಬ್ಬರೇ ಹೋಗಬೇಡಿ.

ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಹಾಕುವುದಾದರೆ ದಿನಾಂಕವಿರುವ ಫೋಟೋ ಒಂದು ಪೂರಕ ದಾಖಲೆ, ಸ್ಥಳ ಮಹಜರಿಗೆ ಬದಲಿ ಆಗುವುದಿಲ್ಲ. ಅದಕ್ಕೇ ಪ್ರತಿ ಸಲ ಸೆಲ್ ಬದಲಿಸಿದ ಮೇಲೆ ಗಡಿಯಾರ ನೋಡಿ, ಹೊರಡುವ ಮುನ್ನ ಮೊಬೈಲಿನ ಸಮಯವನ್ನು ಕ್ಯಾಮೆರಾಕ್ಕೆ ತೋರಿಸಿ ಒಂದು ಫೋಟೋ ಬೀಳಿಸಿ. ತಪ್ಪಿದ್ದರೂ ಎಷ್ಟು ತಪ್ಪಿದೆ ಅಂತ ಲೆಕ್ಕ ಸಿಗುತ್ತದೆ.

ನಾಲ್ಕುಸೆಲ್

ಕಾರ್ಡಿನ ವಿಷಯ ಬಿಟ್ಟುಹೋಗಿತ್ತು. 32 ಜಿಬಿಯ ಅಸಲಿ ಕ್ಲಾಸ್ 10 ಕಾರ್ಡ್ ಎರಡು ತೆಗೆದುಕೊಳ್ಳಿ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಒಂದು ತೆಗೆದು ಇನ್ನೊಂದು ಹಾಕಿ ಬನ್ನಿ. ಮೊಬೈಲಿಗೆ ಹಾಕಿ ನೋಡಿದರೆ ಫೋನು ತನ್ನ ಫೋಲ್ಡರುಗಳನ್ನು ಅದರಲ್ಲಿ ಮಾಡಿಡುತ್ತದೆ, ಕೆಲವು ಕ್ಯಾಮೆರಾ ಆಮೇಲೆ ಕಾರ್ಡ್ ಎರರ್ ಅನ್ನುತ್ತವೆ. ಮತ್ತೆ ಫಾರ್ಮ್ಯಾಟ್ ಮಾಡಿದರೆ ಸರಿ.

ಕ್ಯಾಮೆರಾ ಕೈಗೆ ಬಂದ ದಿನ ನೇರ ತೋಟಕ್ಕೆ ಒಯ್ಯಬೇಡಿ, ವಾಪಸು ಕೊಡುವ ಅವಧಿ ಮುಗಿಯುವ ಮೊದಲು ಮೂರು ರಾತ್ರಿ ಅಂಗಳದಲ್ಲಿಡಿ. 3, 5, 8 ಮೀಟರಿಗೆ ಒಂದೊಂದು ಕೋಲು ನೆಟ್ಟು, ಕತ್ತಲಾದ ಮೇಲೆ ಪ್ರತಿ ಕೋಲಿನ ಪಕ್ಕದಲ್ಲಿ ಅಡ್ಡ ನಡೆಯಿರಿ, ಒಮ್ಮೆ ಬಗ್ಗಿ ಕುಕ್ಕುರುಗಾಲಿನಲ್ಲೂ ಹಾಯಿರಿ. ಯಾವ ಕೋಲಿನವರೆಗೆ ಫೋಟೋ ಬಿತ್ತು, ಚೌಕಟ್ಟಿನ ಎಲ್ಲಿ ಸಿಕ್ಕಿದಿರಿ ನೋಡಿದರೆ ಕಂಡಿಯಿಂದ ಎಷ್ಟು ದೂರ ಕಟ್ಟಬೇಕೆಂದು ನಿಮಗೇ ತಿಳಿಯುತ್ತದೆ. 5 ಮೀಟರಿನ ಕೋಲಿಗೇ ಬೀಳದಿದ್ದರೆ ವಾಪಸು ಕಳಿಸಿ.

ಅಗಳದಂಚು

ಇವತ್ತೇ ಸಸಿಯ ಬುಡದ ಗಾಯವನ್ನೂ ಹತ್ತಿರದಿಂದ ನೋಡಿ. ಉಳಿಯಲ್ಲಿ ಕೆತ್ತಿದಂತೆ ಜೋಡಿ ಗೆರೆ ಇದ್ದರೆ ಮುಳ್ಳುಹಂದಿಯ ಬಾಚಿಹಲ್ಲು. ಮಣ್ಣು ಮೂತಿಯಲ್ಲಿ ಉತ್ತಂತೆ ಎದ್ದಿದ್ದರೆ ಕಾಡುಹಂದಿ. ಎರಡೂ ಗುರುತಿದ್ದರೆ ಕ್ಯಾಮೆರಾವನ್ನು ಕಂಡಿಗೆ ಮೊದಲು ಇಡಬೇಡಿ, ಒಂದು ವಾರ ಕಡಿದ ಸಸಿಯ ಎದುರು, ಮುಂದಿನ ವಾರ ಬಾಳೆಯ ಎದುರು ಇಡಿ. ಮುಳ್ಳುಹಂದಿ ಮಾತ್ರ ಅಂತಾದರೆ ಇಡೀ ತೋಟಕ್ಕೆ ಬೇಲಿಯ ಖರ್ಚೇ ಬೇಡ, ಸಸಿಗೊಂದರಂತೆ ಎರಡಡಿ ಎತ್ತರದ ಜಾಲರಿ ಸುತ್ತಿ ಅರ್ಧ ಅಡಿ ಮಣ್ಣಿನೊಳಗೆ ಹೂತರೆ ಆಯಿತು.