ಹುಣ್ಣಿಮೆಯ ತೋಳ ಮತ್ತು ಮೂರನೇ ಪಂಕ್ತಿ

ಚಿಕ್ಕಪ್ಪ (ಫಾರ್ವರ್ಡ್): ವಿಜ್ಞಾನಿಗಳೇ ಬೆಚ್ಚಿಬಿದ್ದರು!! ಗ್ರೀಸ್ ದೇಶದ ಬೆಟ್ಟದ ಮೇಲೆ 3000 ವರ್ಷ ಹಳೆಯ ತೋಳಮನುಷ್ಯನ ಅಸ್ಥಿಪಂಜರ ಪತ್ತೆ. ಹುಣ್ಣಿಮೆ ರಾತ್ರಿ ಮನುಷ್ಯ ತೋಳ ಆಗುವುದು ನಿಜ. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ಹುಣ್ಣಿಮೆ ರಾತ್ರಿ ಹುಡುಗರು ಬೈಕಿನಲ್ಲಿ ತಿರುಗಬೇಡಿ ಅಂತ ನಾನು ಮೊದಲಿಂದ ಹೇಳುತ್ತಿದ್ದೇನೆ. ಯಾರು ಕೇಳುತ್ತಾರೆ?

ಮೈಸೂರು ಅತ್ತೆ ಕೈ ಮುಗಿದ ಚಿತ್ರ ಹಾಕಿದರು. ಓದಿದ್ದಾರೆ ಅಂತ ಅರ್ಥ ಅಲ್ಲ. ಅವರು ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ.

ಪುಟ್ಟಿ: ಚಿಕ್ಕಪ್ಪ, ಇದು ಎಲ್ಲಿ ಬಂದಿದ್ದು?

ಚಿಕ್ಕಪ್ಪ: ವಾಕಿಂಗ್ ಗ್ರೂಪಿನಲ್ಲಿ. ಅಲ್ಲಿರುವವರೆಲ್ಲ ದೊಡ್ಡ ಹುದ್ದೆಯಲ್ಲಿದ್ದವರು.

ಪುಟ್ಟಿ: ಕೋಣೆಯಲ್ಲಿ ಈರುಳ್ಳಿ ಕತ್ತರಿಸಿಟ್ಟರೆ ಜ್ವರ ಹೀರಿಕೊಳ್ಳುತ್ತೆ ಅಂದವರೂ ಅವರೇ ಅಲ್ವಾ?

ಚಿಕ್ಕಪ್ಪ: ಅದು ಬೇರೆ ಗ್ರೂಪು.

ಗುಂಡಣ್ಣ: ಅಜ್ಜಿ ಮನೆ ಜಗಲಿ ನೆನಪಾಯಿತು. ಊಟ ಬಿಟ್ಟರೆ ತೋಳ ಬರುತ್ತೆ ಅಂತ ಹೆದರಿಸುತ್ತಿದ್ದರು. ಆ ಹುರುಳಿ ಸಾರಿನ ರುಚಿ ಈಗ ಎಲ್ಲಿದೆ?

ಹುರುಳಿ ಸಾರಿಗೆ ಆರು ಜನ ಹೃದಯ ಒತ್ತಿದರು. ಪುಟ್ಟಿ ಅಷ್ಟಕ್ಕೆ ಬಿಡುವವಳಲ್ಲ.

ಪುಟ್ಟಿ: ಆ ಬೆಟ್ಟ ಗ್ರೀಸಿನ ಆರ್ಕೇಡಿಯಾ ಪ್ರಾಂತ್ಯದ ಲೈಕಾಯನ್. ಮೇಲೆ ಜೀಯಸ್ ದೇವರ ಬೂದಿಯ ಬಲಿಪೀಠ ಇದೆ. ಶತಮಾನಗಟ್ಟಲೆ ಆಡು, ಕುರಿ ಸುಟ್ಟ ಬೂದಿ ಗುಡ್ಡೆಯಾಗಿದೆ. 2016ರಲ್ಲಿ ಅದರೊಳಗೆ ಅಸ್ಥಿಪಂಜರ ಸಿಕ್ಕಿದ್ದು ನಿಜ. ಸುಮಾರು 3000 ವರ್ಷ ಹಳೆಯದು ಎನ್ನುವುದೂ ಸರಿ. ಆದರೆ ಅದು ಹದಿಹರೆಯದ ಹುಡುಗನದು ಅಂತಾರೆ, ತೋಳದ್ದಲ್ಲ. ತಲೆಬುರುಡೆಯ ಮೇಲ್ಭಾಗ ಇರಲಿಲ್ಲ. ನರಬಲಿಯೋ ಅಲ್ಲವೋ ಅಂತ ಅಗೆದವರೇ ಖಚಿತವಾಗಿ ಹೇಳಿಲ್ಲ.

ಚಿಕ್ಕಪ್ಪ: ನೋಡಿ, ಸಿಕ್ಕಿದ್ದು ನಿಜ ಅಂತ ಅವಳೇ ಒಪ್ಪಿದಳು.

ಪುಟ್ಟಿ: ಅಯ್ಯೋ.

ದೊಡ್ಡಪ್ಪ: ಮಗಳೇ, ವಾದ ಬಿಡು. ಅಲ್ಲಿಗೂ ತೋಳಕ್ಕೂ ಏನು ಸಂಬಂಧ, ಕಥೆ ಹೇಳು.

ದೊಡ್ಡಪ್ಪ ನಿವೃತ್ತ ಮೇಷ್ಟ್ರು. ಕಥೆ ಕೇಳುವುದೇ ಕೊನೆಗೆ ನೀತಿ ಹೇಳಲಿಕ್ಕೆ. ಇದು ಎಲ್ಲರಿಗೂ ಗೊತ್ತು, ಪುಟ್ಟಿಗೂ ಗೊತ್ತು. ಆದರೂ ಬರೆದಳು.

ಪುಟ್ಟಿ: ಲೈಕಾನ್ ಅಂತ ಆರ್ಕೇಡಿಯಾದ ರಾಜ. ಜೀಯಸ್ ಮನುಷ್ಯರೂಪದಲ್ಲಿ ಅವನ ಮನೆಗೆ ಬರುತ್ತಾನೆ. ಇವನು ನಿಜವಾಗಿ ದೇವರಾ ಅಂತ ಪರೀಕ್ಷೆ ಮಾಡಲು ಲೈಕಾನ್ ಒತ್ತೆಯಾಳೊಬ್ಬನನ್ನು ಕೊಂದು ಬೇಯಿಸಿ ಬಡಿಸುತ್ತಾನೆ. ಜೀಯಸ್ ಮನೆಯನ್ನು ಸಿಡಿಲಿನಿಂದ ಉರುಳಿಸುತ್ತಾನೆ. ಓಡಿಹೋದ ರಾಜ ಮಾತಾಡಲು ಹೋದರೆ ಊಳು ಹೊರಡುತ್ತದೆ, ತೊಟ್ಟ ಬಟ್ಟೆ ಕೂದಲಾಗುತ್ತದೆ. ಇದು ರೋಮಿನ ಕವಿ ಓವಿಡ್ ಹೇಳಿದ ರೀತಿ. ಬೇರೆ ಕಡೆ ಕೊಂದಿದ್ದು ಮೊಮ್ಮಗ ಆರ್ಕಾಸನನ್ನು, ಜೀಯಸ್ ಅವನನ್ನು ಮತ್ತೆ ಬದುಕಿಸುತ್ತಾನೆ. ಇದರಲ್ಲಿ ಹುಣ್ಣಿಮೆ ಎಲ್ಲೂ ಇಲ್ಲ, ಚಿಕ್ಕಪ್ಪ.

ದೊಡ್ಡಪ್ಪ: ಇದು ನಮ್ಮ ಸಿರಿಯಾಳ ಸೆಟ್ಟಿ ಕಥೆಯೇ! ಶಿವ ಅತಿಥಿಯಾಗಿ ಬಂದು ಮಗನ ಮಾಂಸ ಕೇಳಲಿಲ್ಲವೇ? ಮಗು ಬದುಕಿ ಬರಲಿಲ್ಲವೇ? ಗ್ರೀಕರು ನಮ್ಮಿಂದಲೇ ತೆಗೆದುಕೊಂಡಿದ್ದಾರೆ.

ಪುಟ್ಟಿ: ಮನುಷ್ಯರ ಕರುಳು ತಿಂದವನು ತೋಳನಾಗುತ್ತಾನೆ ಅಂತ ಗ್ರೀಕ್ ತತ್ವಜ್ಞಾನಿ ಪ್ಲೇಟೋ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಬರೆದಿದ್ದಾನೆ. ಜನನಾಯಕ ಸರ್ವಾಧಿಕಾರಿ ಆಗುವುದು ಹೀಗೇ ಅನ್ನಲು ಅದನ್ನು ಬಳಸಿಕೊಂಡ. ಸಿರಿಯಾಳ ಅದಕ್ಕೆ ಎಷ್ಟೋ ಶತಮಾನ ಈಚೆ. ಅಲ್ಲದೆ ಅಲ್ಲಿ ದೇವರು ಭಕ್ತನನ್ನು ಪರೀಕ್ಷಿಸುತ್ತಾನೆ. ಇಲ್ಲಿ ರಾಜನೇ ದೇವರನ್ನು ಪರೀಕ್ಷಿಸಲು ಹೊರಟ.

ಚಿಕ್ಕಪ್ಪ: ಹಾಗಾದರೆ ಹುಣ್ಣಿಮೆ ಎಲ್ಲಿಂದ ಬಂತು? ಸುಮ್ನೆ ಹೇಳುತ್ತಾರಾ?

ಪುಟ್ಟಿ: ಚಂದ್ರ ಬರುವ ಹಳೆಯ ಕಥೆ ಒಂದಿದೆ, ರೋಮನ್ನರದು, 1ನೇ ಶತಮಾನದ್ದು. ಒಬ್ಬ ಸೈನಿಕ ಹಗಲಿನಂಥ ಬೆಳದಿಂಗಳಲ್ಲಿ ಬಟ್ಟೆ ಬಿಚ್ಚಿಟ್ಟು, ಸುತ್ತಲೂ ಉಚ್ಚೆ ಹೊಯ್ದು ತೋಳನಾಗುತ್ತಾನೆ. ಪ್ರತಿ ಹುಣ್ಣಿಮೆಗೂ ಆಗುತ್ತಾನೆ ಅನ್ನುವುದನ್ನು ಜಾಸ್ತಿ ಹಬ್ಬಿಸಿದ್ದು 20ನೇ ಶತಮಾನದ ಸಿನಿಮಾಗಳು.

ದೊಡ್ಡಪ್ಪ: ಹೆಂಗಸರು, ಮಕ್ಕಳಿರುವ ಗುಂಪಿನಲ್ಲಿ ಇದೆಂಥ ಭಾಷೆ?

ಪುಟ್ಟಿ: ನರಮಾಂಸ ಬೇಯಿಸಿದ್ದಕ್ಕೆ ನೀವು ಏನೂ ಅನ್ನಲಿಲ್ಲ ದೊಡ್ಡಪ್ಪ.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ದೊಡ್ಡಪ್ಪನ ನೀತಿಪಾಠ ಇನ್ನೂ ಬಾಕಿ ಇತ್ತಲ್ಲ.

ದೊಡ್ಡಪ್ಪ: ಒಟ್ಟಿನಲ್ಲಿ ಮನೆಗೆ ಬಂದ ಅತಿಥಿಗೆ ಅನ್ಯಾಯ ಮಾಡಿದವನು ಮೃಗವಾದ. ನಮ್ಮ ಮನೆತನದಲ್ಲಿ ಬಂದವರನ್ನು ಯಾವತ್ತೂ ಹಸಿದು ಕಳಿಸಿಲ್ಲ.

ಮೈಸೂರು ಅತ್ತೆ: ಯಾರು ಹೇಳುತ್ತಿದ್ದಾರೆ ನೋಡಿ.

ಅತ್ತೆ ಗುಂಪಿನಲ್ಲಿ ವಾಕ್ಯ ಬರೆಯುವುದೇ ಅಪರೂಪ.

ಮೈಸೂರು ಅತ್ತೆ: 2015ರ ನಿಮ್ಮ ಗೃಹಪ್ರವೇಶದಲ್ಲಿ ಮೂರನೇ ಪಂಕ್ತಿಗೆ ಹೋಳಿಗೆ ಮುಗಿದಿತ್ತು. ಕೂತಿದ್ದವರೆಲ್ಲ ನಮ್ಮ ಯಜಮಾನರ ಕಡೆಯವರು. ಅನ್ನ, ಮಜ್ಜಿಗೆ ಬಡಿಸಿ ಎಬ್ಬಿಸಿದಿರಿ.

ದೊಡ್ಡಪ್ಪ: ಅವರು ತಡವಾಗಿ ಬಂದರು.

ಮೈಸೂರು ಅತ್ತೆ: ತಡವಾಗಿ ಬರಲಿಲ್ಲ ಅಣ್ಣ. ಮೊದಲ ಪಂಕ್ತಿಯಲ್ಲಿ ಕೂರಬೇಡಿ ಅಂದಿದ್ದು ಚಿಕ್ಕಣ್ಣ.

ಚಿಕ್ಕಪ್ಪ: ನನ್ನನ್ನು ಯಾಕೆ ಎಳೆಯುತ್ತೀಯ? ನಾನು ಅಡುಗೆಯವರು ಹೇಳಿದಂತೆ ಹೇಳಿದೆ.

ಪುಟ್ಟಿ: ಅದಕ್ಕೂ ಆಧಾರ ಕೊಡಿ ಚಿಕ್ಕಪ್ಪ.

ಗುಂಡಣ್ಣ: ಆ ಹೋಳಿಗೆ ತುಂಬಾ ಚೆನ್ನಾಗಿತ್ತು. ನಾನು ನಾಲ್ಕು ತಿಂದಿದ್ದೆ.

ಈ ಮಾತು ಬೇಕಿರಲಿಲ್ಲ. ಯಾರೂ ಹೃದಯ ಒತ್ತಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಪುಟ್ಟಿ ಇನ್ನೊಂದು ಬರೆದಳು. ಎಲ್ಲ ತಣ್ಣಗಾಗಲಿ ಅಂತಲೋ, ಓದಿದ್ದು ವ್ಯರ್ಥ ಆಗಬಾರದು ಅಂತಲೋ.

ಪುಟ್ಟಿ: 2ನೇ ಶತಮಾನದಲ್ಲಿ ಪೌಸಾನಿಯಸ್ ಅಂತ ಒಬ್ಬ ಗ್ರೀಕ್ ಪ್ರವಾಸಿ ಇದ್ದ. ಲೈಕಾನ್ ತೋಳನಾದದ್ದನ್ನು ನಂಬುತ್ತೇನೆ ಅಂತಾನೆ. ಆದರೆ ಅದೇ ಬೆಟ್ಟದ ಬಲಿಯಲ್ಲಿ ತೋಳನಾಗಿ, ಮತ್ತೆ ಮನುಷ್ಯನಾಗಿ, ಒಲಿಂಪಿಯಾದಲ್ಲಿ ಮುಷ್ಟಿಯುದ್ಧ ಗೆದ್ದ ಡಮಾರ್ಕಸ್ ಅನ್ನುವವನ ಕಥೆಯನ್ನು ನಂಬಲ್ಲ ಅಂತಾನೆ. ರೋಮಿನ ಲೇಖಕ ಪ್ಲೀನಿಯಂತೂ ಗ್ರೀಕರು ಏನು ಹೇಳಿದರೂ ನಂಬುತ್ತಾರಲ್ಲ ಅಂತ ಬೆರಗಾಗುತ್ತಾನೆ.

ಚಿಕ್ಕಪ್ಪ: ಅವನ ಗ್ರೂಪಿನಲ್ಲೂ ಒಬ್ಬಳು ಪುಟ್ಟಿ ಇದ್ದಳು ಅನ್ನಿಸುತ್ತೆ.

ಇದಕ್ಕೆ ಪುಟ್ಟಿಯೇ ಮೊದಲು ನಕ್ಕಳು.

ಪುಟ್ಟಿ: ಒಂದು ನಿಯಮ ಇದೆ. ತೋಳನಾದವನು ಒಂಬತ್ತು ವರ್ಷ ಮನುಷ್ಯರ ಮಾಂಸ ಮುಟ್ಟದಿದ್ದರೆ ಹತ್ತನೇ ವರ್ಷಕ್ಕೆ ಮತ್ತೆ ಮನುಷ್ಯನಾಗುತ್ತಾನಂತೆ.

ಗುಂಡಣ್ಣ: ಅತ್ತೆ, ಲೆಕ್ಕ ಹಾಕಿ. ದೊಡ್ಡಪ್ಪನದು ಅವಧಿ ಮುಗಿದಿದೆ.

ದೊಡ್ಡಪ್ಪ: ಭಾನುವಾರ ಎಲ್ಲರೂ ಊಟಕ್ಕೆ ಬನ್ನಿ. ನಿಮ್ಮ ಯಜಮಾನರನ್ನೂ ಕರೆದುಕೊಂಡು ಬಾರಮ್ಮ. ಹೋಳಿಗೆ ಮಾಡಿಸುತ್ತೇನೆ.

ಮೈಸೂರು ಅತ್ತೆ: ಬರುತ್ತೇವೆ. ನಾವು ಮೊದಲ ಪಂಕ್ತಿ.