ತರೀಕೆರೆ–ಕೆಮ್ಮಣ್ಣುಗುಂಡಿ ಕಾಲ್ಪನಿಕ ನ್ಯಾರೋಗೇಜ್ ರೂಟ್: ಮಳೆ ಹಾಕಿದರೆ ಘಾಟಿಯಲ್ಲಿ ಗಾಡಿ ನಿಲ್ಲುತ್ತಿದೆ

ಘಾಟಿಗಾಡಿ

ಎಲ್ಲರಿಗೂ ನಮಸ್ಕಾರ. ಓಪನ್ ರೈಲ್ಸ್ ಎಂಬ ರೈಲು ಸಿಮ್ಯುಲೇಟರಿಗಾಗಿ, ರೂಟ್ ಕಟ್ಟುವ ಟಿಎಸ್‌ಆರ್‌ಇ5 ಎಡಿಟರಿನಲ್ಲಿ 762 ಮಿ.ಮೀ ಗೇಜಿನ (ಎರಡು ಹಳಿಗಳ ನಡುವಿನ ಅಂತರ) ಒಂದು ಕಾಲ್ಪನಿಕ ರೂಟ್ ಕಟ್ಟುತ್ತಿದ್ದೇನೆ. ತರೀಕೆರೆಯಿಂದ ಹೊರಟು ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಕೆಮ್ಮಣ್ಣುಗುಂಡಿಗೆ. ಕಾಲ 1975. ಕೊನೆಯ ಸ್ಟೇಷನ್ ಲಿಂಗದಹಳ್ಳಿಗಿಂತ 600 ಮೀಟರ್ ಎತ್ತರದಲ್ಲಿದೆ. ನಡುವೆ ಉದ್ದಕ್ಕೂ ಒಂದೇ ಸಮ 1:33 ಏರು (33 ಮೀಟರಿಗೆ 1 ಮೀಟರ್ ಎತ್ತರ), ಹೆಚ್ಚುಕಡಿಮೆ 20 ಕಿ.ಮೀ. ತಿರುವುಗಳ ತ್ರಿಜ್ಯ 44 ಮೀ, ಒಟ್ಟು ಉದ್ದದಲ್ಲಿ ಅರ್ಧದಷ್ಟು ತಿರುವೇ.

ಗಾಡಿ: ಝಡ್‌ಡಿಎಂ-3 ಎಂಜಿನ್ (700 ಎಚ್‌ಪಿ, 35 ಟನ್), 12 ಟನ್ನಿನ ಏಳು ಕೋಚ್, ಹಿಂದೆ 15 ಟನ್ನಿನ ನಾಲ್ಕು ಅದಿರು ವ್ಯಾಗನ್. ಬಿಸಿಲಿನಲ್ಲಿ ಏದುಸಿರು ಬಿಡುತ್ತಾ ಹತ್ತುತ್ತದೆ. ಹವಾಮಾನ ಮಳೆಗೆ ಬದಲಿಸಿದರೆ ತಿರುವಿಗೆ ಬಂದ ಕೂಡಲೇ ಚಕ್ರ ಜಾರಿ ನಿಂತೇಬಿಡುತ್ತದೆ. ಎಂಜಿನ್ ಫೈಲ್‌ನಲ್ಲಿ ಶಕ್ತಿ ಹೆಚ್ಚಿಸಲು ಮನಸ್ಸಿಲ್ಲ.

ಇನ್ನೊಂದು ತೊಂದರೆ, ಕಟಿಂಗ್‌ಗಳ (ಹಳಿಗಾಗಿ ಗುಡ್ಡ ಕಡಿದ ಜಾಗ) ಅಂಚು ಗರಗಸದ ಹಲ್ಲಿನಂತೆ ಕಾಣುತ್ತಿದೆ. ಭೂಮಿಯ ಎತ್ತರಕ್ಕೆ ಎಸ್‌ಆರ್‌ಟಿಎಂ (ಬಾಹ್ಯಾಕಾಶದಿಂದ ರಾಡಾರ್ ಅಳೆದ ನೆಲದ ಎತ್ತರ) 30 ಮೀಟರ್ ಡೇಟಾ ಬಳಸಿದ್ದೇನೆ.

ರೂಲಿಂಗ್‌ಗ್ರೇಡ್

ಶಕ್ತಿ ಹೆಚ್ಚಿಸದಿರುವುದೇ ಸರಿ. ತಪ್ಪು ಎಂಜಿನ್ನಿನದಲ್ಲ, ಹಳಿಯದು. ತಿರುವಿನಲ್ಲಿ ಏರನ್ನು ತಗ್ಗಿಸಿಲ್ಲ.

ತಿರುವು ತಾನಾಗಿಯೇ ಒಂದು ಏರು ಇದ್ದಂತೆ. ಭಾರತೀಯ ರೈಲ್ವೆಯ ರೂಢಿಯಲ್ಲಿ ನ್ಯಾರೋಗೇಜಿಗೆ ತಿರುವಿನ ಪ್ರತಿ ಡಿಗ್ರಿಗೆ ಶೇ. 0.02ರಷ್ಟು ಏರು ಕಡಿಮೆ ಮಾಡುತ್ತಾರೆ. 1750ನ್ನು ಮೀಟರ್ ಲೆಕ್ಕದ ತ್ರಿಜ್ಯದಿಂದ ಭಾಗಿಸಿದರೆ ಡಿಗ್ರಿ ಸಿಗುತ್ತದೆ. 44 ಮೀ ಅಂದರೆ ಸುಮಾರು 40 ಡಿಗ್ರಿ, ಕಡಿತ ಶೇ. 0.8. 1:33 ಅಂದರೆ ಶೇ. 3, ಅದರಲ್ಲಿ 0.8 ಕಳೆದು ಶೇ. 2.2. ಹಾಗಾಗಿ ನಿಮ್ಮ ತಿರುವುಗಳಲ್ಲಿ ಹಳಿ 1:45 ಇರಬೇಕು, ನೇರ ಹಳಿಯಲ್ಲಿ ಮಾತ್ರ 1:33.

ಈಗ ನಿಮ್ಮ ಗಾಡಿಯ ತೂಕ 35+84+60, ಒಟ್ಟು 179 ಟನ್. ಏರಿಗೆ ಶೇ. 3, ತಿರುವಿಗೆ 0.8, ಉರುಳುವ ತಡೆಗೆ ಸುಮಾರು 0.5, ಸೇರಿ ಶೇ. 4.3. ಎಳೆಯಲು 7.7 ಟನ್ ಬಲ ಬೇಕು. 35 ಟನ್ನಿನ ಎಂಜಿನ್ ಒಣ ಹಳಿಯ ಮೇಲೆ, ಹಿಡಿತ ಶೇ. 25 ಎಂದುಕೊಂಡರೆ, ಕೊಡುವುದು 8.75 ಟನ್. ಅದಕ್ಕೇ ಬಿಸಿಲಿನಲ್ಲಿ ಹತ್ತಿತು. ಒದ್ದೆ ಹಳಿಯಲ್ಲಿ ಹಿಡಿತ ಶೇ. 15ಕ್ಕೆ ಇಳಿದರೆ 5.25 ಟನ್ ಅಷ್ಟೇ. ನಿಲ್ಲದೆ ಇನ್ನೇನಾದೀತು?

ತಿರುವಿನಲ್ಲಿ ಏರು ತಗ್ಗಿಸಿದರೆ ಒಟ್ಟು ತಡೆ ಎಲ್ಲ ಕಡೆಯೂ ಶೇ. 3.5ಕ್ಕೆ ಬರುತ್ತದೆ, ಬೇಕಾದ ಬಲ 6.3 ಟನ್. ಮಳೆಗೆ ಇದೂ ಜಾಸ್ತಿಯೇ, ಆದ್ದರಿಂದ ತೂಕವನ್ನೂ ಇಳಿಸಬೇಕು.

ಇದರ ಜೊತೆಗೆ ಪ್ರತಿ ಕೋಚ್ ಮತ್ತು ವ್ಯಾಗನ್ ಫೈಲ್‌ನಲ್ಲಿ ಒಆರ್‌ಟಿಎಸ್‌ಟ್ರ್ಯಾಕ್‌ಗೇಜ್, ಒಆರ್‌ಟಿಎಸ್‌ರಿಜಿಡ್‌ವೀಲ್‌ಬೇಸ್ (ಗೇಜನ್ನೂ ಚಕ್ರಗಳ ಅಂತರವನ್ನೂ ಹೇಳುವ) ಸಾಲುಗಳಿವೆಯೇ ನೋಡಿ. ತಿರುವಿನ ತಡೆಯ ಸೂತ್ರದಲ್ಲಿ ಗೇಜನ್ನೂ ಚಕ್ರಗಳ ಅಂತರವನ್ನೂ ಕೂಡಿಸಿ, ತ್ರಿಜ್ಯದ ಎರಡರಷ್ಟರಿಂದ ಭಾಗಿಸುತ್ತಾರೆ. ಗೇಜ್ 1.435 ಮೀ ಎಂದು ಹಿಡಿದಿದ್ದರೆ, 1.6 ಮೀ ಚಕ್ರ ಅಂತರಕ್ಕೆ ಮೊತ್ತ 3.035. ಸರಿಯಾದ 0.762 ಕೊಟ್ಟರೆ 2.362. ಈ ಒಂದು ಸಾಲು ತಪ್ಪಿದ್ದಕ್ಕೆ ತಿರುವಿನ ತಡೆ ಶೇ. 28ರಷ್ಟು ಹೆಚ್ಚಾಗಿರುತ್ತದೆ.

ಮಣ್ಣುಕಟ್ಟೆ

ಗರಗಸದ ವಿಷಯಕ್ಕೆ ಬರುತ್ತೇನೆ. ಈ ಮಾದರಿಯ ರೂಟ್‌ನಲ್ಲಿ ಒಂದು ಟೈಲ್ (ಭೂಮಿಯ ಒಂದು ತುಂಡು) 2048 ಮೀಟರ್ ಚೌಕ, ಅದರಲ್ಲಿ ಎತ್ತರದ ಬಿಂದುಗಳು 8 ಮೀಟರಿಗೊಂದು. ನ್ಯಾರೋಗೇಜ್ ಹಾದಿಯ ಅಗಲ ನಾಲ್ಕು ಮೀಟರಿನ ಆಸುಪಾಸು. ಬಿಂದುಗಳ ಅಂತರವೇ ಹಾದಿಯ ಎರಡರಷ್ಟಿರುವಾಗ ಬರಿಯ ಮಣ್ಣಿನಿಂದ ಅಚ್ಚುಕಟ್ಟಾದ ಕಟಿಂಗ್ ಬರುವುದಿಲ್ಲ, ಎಷ್ಟು ಉಜ್ಜಿದರೂ ಅಷ್ಟೆ. ಹಳಿಯ ಹತ್ತಿರದ ಬಿಂದುಗಳನ್ನು ಹಳಿಗಿಂತ ಅರ್ಧ ಮೀಟರ್ ಕೆಳಗಿಳಿಸಿ. ಗುಡ್ಡದ ಕಡೆಗೆ 2–3 ಮೀಟರ್ ಎತ್ತರದ ಕಲ್ಲುಗೋಡೆಯ ಆಬ್ಜೆಕ್ಟ್ ನಿಲ್ಲಿಸಿ. ಒರಟು ಅಂಚೆಲ್ಲ ಗೋಡೆಯ ಹಿಂದೆ ಮರೆಯಾಗುತ್ತದೆ.

ಗೋಡೆಯ ತುಂಡು 10 ಮೀಟರಿನದು ಬೇಡ. ಈ ತಿರುವಿನಲ್ಲಿ ನೇರ ತುಂಡಿನ ನಡುಭಾಗ ಸುಮಾರು 27 ಸೆಂ.ಮೀ ಒಳಕ್ಕೆ ಬಂದುಬಿಡುತ್ತದೆ. 5 ಮೀಟರಿನದಾದರೆ 7 ಸೆಂ.ಮೀ. ಕೋಚ್ ಕೂಡ ತಿರುವಿನಲ್ಲಿ ಚಾಚಿಕೊಳ್ಳುತ್ತದೆ: 9.5 ಮೀ ಉದ್ದ, ಕೆಳಗಿನ ಎರಡು ಚಕ್ರಗಾಡಿಗಳ (ಬೋಗಿ) ನಡುವೆ 6 ಮೀ ಇದ್ದರೆ ನಡುಭಾಗ ಒಳಕ್ಕೆ 10 ಸೆಂ.ಮೀ, ತುದಿಗಳು ಹೊರಕ್ಕೆ 15 ಸೆಂ.ಮೀ. ಹಳಿಯ ನಡುಗೆರೆಯಿಂದ 2.1 ಮೀಟರ್ ಬಿಟ್ಟು ಗೋಡೆ ಇಟ್ಟರೆ ತಗಲುವುದಿಲ್ಲ.

ಎಸ್‌ಆರ್‌ಟಿಎಂ ರಾಡಾರ್ ಡೇಟಾ ಆದ್ದರಿಂದ ದಟ್ಟ ಕಾಡಿನಲ್ಲಿ ಅದು ತೋರಿಸುವುದು ನೆಲವನ್ನಲ್ಲ, ಹೆಚ್ಚುಕಡಿಮೆ ಮರಗಳ ನೆತ್ತಿಯನ್ನು. ಕಾಡು ಮುಗಿದು ಬಯಲು ಶುರುವಾಗುವಲ್ಲಿ ನಿಮ್ಮ ಭೂಮಿಯಲ್ಲಿ ಇಲ್ಲದ ಮೆಟ್ಟಿಲು ಕಾಣುವುದು ಇದರಿಂದಲೇ. ಹಳಿ ಹಾಕುವ ಮೊದಲೇ ಅಲ್ಲಿ ನಯಗೊಳಿಸಿ. ಸುರಂಗಕ್ಕೂ ಇದೇ 8 ಮೀಟರಿನ ಮಿತಿ. ಭೂಮಿಯಲ್ಲಿ ತೆರೆಯುವ ತೂತು ಅದಕ್ಕಿಂತ ಚಿಕ್ಕದಾಗದು, ಹಾಗಾಗಿ ಸುರಂಗದ ಬಾಯಿಯ ಪಕ್ಕಗೋಡೆಗಳು ಒಟ್ಟು 12 ಮೀಟರಾದರೂ ಅಗಲವಿರಲಿ.

ಕಟಿಂಗಿನ ಬಣ್ಣ ಕೇಳುವುದೇ ಬೇಡ, ಊರಿನ ಹೆಸರಲ್ಲೇ ಕೆಮ್ಮಣ್ಣಿದೆ.

ಘಾಟಿಗಾಡಿ

ಗೇಜ್ ಸಾಲು ಒಂದು ವ್ಯಾಗನ್‌ನಲ್ಲೂ ಇರಲಿಲ್ಲ, ಸೇರಿಸಿದೆ. ಆದರೆ ತಿರುವಿಗೆಲ್ಲ 1:45 ಕೊಟ್ಟರೆ ಸರಾಸರಿ ಏರು ಶೇ. 2.6ಕ್ಕೆ ಇಳಿಯುತ್ತದೆ, 600 ಮೀಟರ್ ಹತ್ತಲು 23 ಕಿ.ಮೀ ಬೇಕು. ಆ ಮೂರು ಕಿ.ಮೀ ಎಲ್ಲಿಂದ ತರುವುದು? ಡಾರ್ಜಿಲಿಂಗ್‌ನಲ್ಲಿರುವಂತೆ ಲೂಪ್ (ಸುತ್ತು ಹಾಕಿ ತನ್ನ ಮೇಲೆಯೇ ದಾಟುವ ಹಳಿ) ಹಾಕಲೇ, ಝಿಗ್‌ಝಾಗ್ (ಗಾಡಿ ಮುಂದೆ, ಹಿಂದೆ ಸಾಗುತ್ತಾ ಹತ್ತುವ ಹಳಿ) ಹಾಕಲೇ?

ರೂಲಿಂಗ್‌ಗ್ರೇಡ್

ಲೂಪ್ ನೋಡಲು ಚೆಂದ, ಆದರೆ ಉದ್ದ ಕೊಡುವುದು ಕಡಿಮೆ. 44 ಮೀ ತ್ರಿಜ್ಯದ ಒಂದು ಪೂರ್ಣ ಸುತ್ತು 276 ಮೀಟರ್, 1:45ರಲ್ಲಿ ಎತ್ತರ ಸಿಗುವುದು 6 ಮೀಟರ್. ಮೂರು ಕಿ.ಮೀಗೆ ಹನ್ನೊಂದು ಸುತ್ತು ಬೇಕಾಗುತ್ತದೆ, ಯಾವ ಎಂಜಿನಿಯರೂ ಹಾಗೆ ಕಟ್ಟುವುದಿಲ್ಲ. ಝಿಗ್‌ಝಾಗಿನಲ್ಲಿ ಪ್ರತಿ ತುದಿಗೂ ಗಾಡಿ ಪೂರ್ತಿ ಹಿಡಿಸುವ ಸಮತಟ್ಟು ಬಾಲ ಬೇಕು, ನಿಮ್ಮ ಗಾಡಿಗೆ 140 ಮೀಟರಿಗೆ ಕಡಿಮೆಯಿಲ್ಲ. ಆಕ್ಟಿವಿಟಿ (ಸಿಮ್ಯುಲೇಟರಿನಲ್ಲಿ ಗಾಡಿ ಓಡಿಸುವ ಆಟ) ಬರೆಯುವಾಗ ಪ್ರತಿ ಬಾಲಕ್ಕೂ ಹಿಮ್ಮುಖ ಬಿಂದು ಇಡುವ ಕೆಲಸ ಬೇರೆ.

ಕಣಿವೆಗಳನ್ನು ಬಳಸಿ. ಹಳ್ಳವೊಂದು ಗುಡ್ಡದೊಳಕ್ಕೆ ಕೊರೆದಿರುವ ಕಡೆ ಒಂದು ಮಗ್ಗುಲಲ್ಲಿ 750 ಮೀಟರ್ ಒಳಹೋಗಿ, ಹಳ್ಳದ ತಲೆಯಲ್ಲಿ ಸಣ್ಣ ಕಮಾನು ಸೇತುವೆಯ ಮೇಲೆ ದಾಟಿ, ಇನ್ನೊಂದು ಮಗ್ಗುಲಲ್ಲಿ ಹೊರಬನ್ನಿ. ಒಂದು ಕಣಿವೆಗೆ ಒಂದೂವರೆ ಕಿ.ಮೀ ಸಿಕ್ಕಿತು, ಎರಡು ಕಣಿವೆಗೆ ನಿಮ್ಮ ಲೆಕ್ಕ ಮುಗಿಯಿತು. ಲೂಪ್ ಬೇಕೇಬೇಕೆಂದರೆ ಒಂದೇ ಒಂದು ಇಡಿ. ಕೆಳಹಳಿಗೂ ಮೇಲುಹಳಿಗೂ 5 ಮೀಟರ್ ಅಂತರ ಸಾಕು.

ಏರು ಬದಲಾಗುವಲ್ಲಿ ಒಮ್ಮೆಗೇ ಮುರಿಯಬೇಡಿ. ತುಂಡಿನಿಂದ ತುಂಡಿಗೆ ಶೇ. 0.5ಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಕೋಚ್‌ಗಳು ತಲೆದೂಗಿದಂತೆ ಕಾಣುತ್ತವೆ. ಸಮತಟ್ಟಿನಿಂದ ಶೇ. 3ಕ್ಕೆ ಹೋಗಲು 15 ಮೀಟರಿನ ಆರು ತುಂಡು ಹಾಕಿ. ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ಮೇಲೆ ಏರು ಬದಲಿಸಲೇಬೇಡಿ. ಸ್ಟೇಷನ್ ಯಾರ್ಡ್‌ನಲ್ಲಿ 1:400 ಮೀರಬಾರದು.

ವೇಗಮಿತಿ ಗಂಟೆಗೆ 25 ಕಿ.ಮೀ ಇಡಿ. 44 ಮೀ ತಿರುವಿನಲ್ಲಿ ಆ ವೇಗಕ್ಕೆ ಹೊರಹಳಿ ಒಳಹಳಿಗಿಂತ ಸುಮಾರು 85 ಮಿ.ಮೀ ಎತ್ತರ ಇರಬೇಕು. ನ್ಯಾರೋಗೇಜಿನಲ್ಲಿ 65 ಮಿ.ಮೀ ಎತ್ತರಿಸಿ 40 ಮಿ.ಮೀ ಕೊರತೆಯನ್ನು ಒಪ್ಪುತ್ತಾರೆ, ಅಂದರೆ 105ರವರೆಗೆ. 30 ಕಿ.ಮೀ ಮಾಡಿದರೆ 120 ದಾಟುತ್ತದೆ.

ಹಳೇಹಳಿ

ಎಲ್ಲರೂ ಹಳಿ ನೋಡಿದಿರಿ, ಸರಕು ನೋಡಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ಹೋಗುತ್ತಿದ್ದುದು ಕೆಳಗೆ, ಭದ್ರಾವತಿಯ ಕಾರ್ಖಾನೆಗೆ. ಘಾಟಿ ಹತ್ತುವ ವ್ಯಾಗನ್ ಖಾಲಿ ಇರಬೇಕಲ್ಲವೇ? ಖಾಲಿ ವ್ಯಾಗನ್ 5 ಟನ್ ಎಂದರೆ ಗಾಡಿ 139 ಟನ್ನಿಗೆ ಇಳಿಯುತ್ತದೆ. ಶೇ. 3.5ಕ್ಕೆ 4.9 ಟನ್ ಬಲ, ಒದ್ದೆ ಹಳಿಯ 5.25ರ ಒಳಗೇ. ಮಳೆಯಲ್ಲೂ ಹತ್ತುತ್ತದೆ.

ತುಂಬಿದ ಗಾಡಿಯ ಪರೀಕ್ಷೆ ಇಳಿಜಾರಿನಲ್ಲಿ. ಎಲ್ಲ ಫೈಲ್‌ಗಳಲ್ಲೂ ಬ್ರೇಕ್ ಒಂದೇ ಬಗೆಯ ವ್ಯಾಕ್ಯೂಮ್ ಇರಲಿ. ಬೇರೆ ರೂಟಿನಿಂದ ತಂದ ವ್ಯಾಗನ್‌ನಲ್ಲಿ ಏರ್ ಬ್ರೇಕ್ ಉಳಿದಿದ್ದರೆ ಅದು ಬರಿಯ ಭಾರವಾಗಿ ನೂಕುತ್ತದೆ.

ತರೀಕೆರೆಯಲ್ಲಿ ನಿಜವಾಗಿ ಇದ್ದ ನರಸಿಂಹರಾಜಪುರದ ಲೈಟ್ ರೈಲ್ವೆ 610 ಮಿ.ಮೀ ಗೇಜಿನದು. ನಿಮ್ಮ 762ಕ್ಕೆ ಜೋಡಿ ಬೇಕಾದರೆ ಆಗಿನ ಯಶವಂತಪುರ–ಚಿಕ್ಕಬಳ್ಳಾಪುರ–ಕೋಲಾರದ ಸಾಲು ನೋಡಿ. 1975ರಲ್ಲಿ ಬೀರೂರು–ಶಿವಮೊಗ್ಗ ಮುಖ್ಯ ಹಳಿ ಮೀಟರ್‌ಗೇಜ್. ಹಾಗಾಗಿ ತರೀಕೆರೆ ಯಾರ್ಡ್‌ನಲ್ಲಿ ಅದಿರನ್ನು ಒಂದು ಗೇಜಿನಿಂದ ಇನ್ನೊಂದಕ್ಕೆ ಸುರಿಯುವ ಕಟ್ಟೆ ಬೇಕು. ನ್ಯಾರೋಗೇಜ್ ಹಳಿ ಮೇಲೆ, ಮೀಟರ್‌ಗೇಜ್ ಮೂರು ಮೀಟರ್ ಕೆಳಗೆ, ನಡುವೆ ಇಳಿಜಾರಿನ ಬಾಯಿ. ಕಟ್ಟೆಯ ಉದ್ದ ನಾಲ್ಕು ವ್ಯಾಗನ್ ಹಿಡಿಸುವಷ್ಟು.