ಕಾಲಮೇಘದ ಎಕ್ಸ್‌ಟ್ರಾಕ್ಷನ್ ಯಾವಾಗ ನಿಲ್ಲಿಸಬೇಕು? ಬೇಗ ತಿಳಿಯುವ ದಾರಿ ಇದೆಯಾ?

ಯಾದಗಿರಿ_ಕ್ಯೂಸಿ:
ಕಡೇಚೂರು ಕಡೆ ಒಂದು ಸಣ್ಣ ಘಟಕದಲ್ಲಿದ್ದೇನೆ. ನೆಲಬೇವಿನ (ಕಾಲಮೇಘ ಅಂದ್ರೆ ಇದೇ) ಪುಡಿಯನ್ನು ಆಲ್ಕೋಹಾಲ್-ನೀರಲ್ಲಿ ಕುದಿಸಿ, ಅದರಲ್ಲಿರುವ ಕಹಿ ಮದ್ದಿನ ಅಂಶ ಆಂಡ್ರೋಗ್ರಾಫೊಲೈಡ್ ತೆಗೆಯುತ್ತೇವೆ. ಆ ಅಂಶ ಎಷ್ಟಿದೆ ಅಂತ ನಿಖರವಾಗಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಇಲ್ಲ, ಸ್ಯಾಂಪಲ್ ಹೊರಗೆ ಕಳಿಸಬೇಕು, ರಿಪೋರ್ಟ್ ಬರುವಷ್ಟರಲ್ಲಿ ಮಾಲು ಒಣಗಿ ಡ್ರಮ್ ಸೇರಿರುತ್ತದೆ. ಸೂಪರ್‌ವೈಸರ್ ಬ್ರಿಕ್ಸ್ ಮೀಟರ್ (ದ್ರಾವಣದಲ್ಲಿ ಎಷ್ಟು ಕರಗಿದೆ ಅಂತ ತೋರಿಸೋದು) ನೋಡಿ "ಸಾಕು, ಇಳಿಸ್ರಿ" ಅಂತಾರೆ. ಬ್ರಿಕ್ಸ್ ಒಂದೇ ಬಂದರೂ ಒಂದು ಬ್ಯಾಚ್ ಪಾಸ್, ಇನ್ನೊಂದು ಫೇಲ್. ಎನ್‌ಐಆರ್ (ಇನ್‌ಫ್ರಾರೆಡ್ ಬೆಳಕು ಬಿಟ್ಟು ತಕ್ಷಣ ಅಂದಾಜು ಕೊಡುವ ಯಂತ್ರ) ಕೊಂಡರೆ ಸಾಕಾ?

ಕಲಬುರಗಿ_ಬಿಸಿಲು:
ಬ್ರಿಕ್ಸ್ ಮೀಟರ್ ಸಕ್ಕರೆ ನೀರಿಗೆ ಮಾಡಿದ್ದು ರೀ. ಆಲ್ಕೋಹಾಲ್ ಇದ್ದರೆ ಅದೇ ರೀಡಿಂಗ್ ಬದಲಾಯಿಸುತ್ತದೆ. ಅದರ ಲೆಕ್ಕ 20 ಡಿಗ್ರಿಗೆ, ನಮ್ಮ ಕಡೆ ಮೇ ತಿಂಗಳಲ್ಲಿ ಶೆಡ್ಡಿನ ಒಳಗೆ 40 ದಾಟಿರುತ್ತೆ, ಅಲ್ವಾ? ಅದೂ ಬಿಡಿ, ಅದು ಕರಗಿದ್ದನ್ನೆಲ್ಲ ಒಟ್ಟಿಗೆ ತೋರಿಸುತ್ತದೆ, ಕಾಂಡದ ಅಂಟು, ಉಪ್ಪು ಎಲ್ಲಾ. ಆಂಡ್ರೋಗ್ರಾಫೊಲೈಡ್ ಜಾಸ್ತಿ ಇರೋದು ಎಲೆಯಲ್ಲಿ, ಕಾಂಡ ಜಾಸ್ತಿ ಬಂದ ಲಾಟಿನಲ್ಲಿ ಬ್ರಿಕ್ಸ್ ಚೆನ್ನಾಗಿದ್ದು ಮದ್ದು ಕಮ್ಮಿ ಇರುತ್ತದೆ.

ಬೀದರ್_ಬೀಕರ್:
ಯುವಿ ಸ್ಪೆಕ್ಟ್ರೋ, ಅಂದ್ರೆ ದ್ರಾವಣ ಯುವಿ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯುವ ಯಂತ್ರ, ಇದೆಯಾ? ಇದ್ದರೆ ಪ್ರತಿ ಅರ್ಧ ಗಂಟೆಗೆ ಸ್ವಲ್ಪ ತೆಗೆದು, ಸೋಸಿ, ಒಂದೇ ಪ್ರಮಾಣದಲ್ಲಿ ತೆಳುಮಾಡಿ, 225 ನ್ಯಾನೋಮೀಟರ್ ಸುತ್ತ ನೋಡಿ. ಅಂಕಿ ಏರುತ್ತಾ ಏರುತ್ತಾ ನಿಂತಿತು ಅಂದ್ರೆ ಆ ಸುತ್ತಿನಲ್ಲಿ ಹೊಸದಾಗಿ ಬರೋದು ಕಮ್ಮಿ. ಆದರೆ ಅದನ್ನೇ ಶೇಕಡಾ ಅಂತ ಬರೆಯಬೇಡಿ, ಬೇರೆ ಪದಾರ್ಥಗಳೂ ಅಲ್ಲೇ ಹೀರಿಕೊಳ್ಳುತ್ತವೆ. ಜೊತೆಗೆ ಟಿಎಲ್‌ಸಿ ಪ್ಲೇಟ್ (ಪದಾರ್ಥಗಳನ್ನು ಬೇರೆ ಬೇರೆ ಕಲೆಗಳಾಗಿ ಬಿಡಿಸೋದು) ಹಾಕಿ, 254 ನ್ಯಾನೋಮೀಟರ್ ಯುವಿ ದೀಪದ ಕೆಳಗೆ ಸ್ಟ್ಯಾಂಡರ್ಡ್ (ಶುದ್ಧ ಆಂಡ್ರೋಗ್ರಾಫೊಲೈಡ್) ಪಕ್ಕದಲ್ಲಿಟ್ಟು ನೋಡಿದರೆ ಕಲೆ ಎಷ್ಟು ಗಾಢ ಅಂತ ಅಂದಾಜು ಸಿಗುತ್ತದೆ.

ಕಲಬುರಗಿ_ಬಿಸಿಲು:
ಎನ್‌ಐಆರ್ ಒಳ್ಳೆಯದೇ, ಆದರೆ ಪೆಟ್ಟಿಗೆ ತೆಗೆದ ಕೂಡಲೇ ಉತ್ತರ ಹೇಳೋ ಯಂತ್ರ ಅಲ್ಲ. ಮೊದಲು ನಿಮ್ಮದೇ ಸ್ಯಾಂಪಲ್‌ಗಳ ಎಚ್‌ಪಿಎಲ್‌ಸಿ ಅಂಕಿ ಕೊಟ್ಟು ಕಲಿಸಬೇಕು, ಒಳ್ಳೆ ಲಾಟು, ಕೆಟ್ಟ ಲಾಟು ಎರಡೂ ಬೇಕು. ನೀರು 1450, 1940 ನ್ಯಾನೋಮೀಟರ್ ಹತ್ತಿರ ಜೋರಾಗಿ ಹೀರುತ್ತದೆ, ಹಾಗಾಗಿ ದ್ರಾವಣದಲ್ಲಿ ಅಳೆಯೋದು ಕಷ್ಟ, ಒಣ ಪುಡಿ ಸುಲಭ. ಬಂದ ಎಲೆ ಪುಡಿಗೇ ಹಚ್ಚಿ ನೋಡಿ.

ಯಾದಗಿರಿ_ಕ್ಯೂಸಿ:
ಯುವಿ ಇದೆ, ಸುಮ್ನೆ ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ಸ್ಯಾಂಪಲ್ ಮೇಲಿಂದ ತೆಗೆಯಲಾ, ಕೆಳಗಿನ ವಾಲ್ವಿಂದಲಾ?

ಬೀದರ್_ಬೀಕರ್:
ವಾಲ್ವಿಂದಲೇ, ಆದರೆ ಪೈಪಿನಲ್ಲಿ ನಿಂತ ಹಳೇ ದ್ರಾವಣ ಮೊದಲು ಬಿಟ್ಟು ಆಮೇಲೆ ಹಿಡಿಯಿರಿ. ಆಲ್ಕೋಹಾಲ್ ಆವಿ ಇರುತ್ತೆ, ಬೆಂಕಿ ಹತ್ತಿರ ಬೇಡ. ಬಾಟ್ಲಿಗೆ ಮುಚ್ಚಳ ಬಿಗಿಯಾಗಿರಲಿ, ಆಲ್ಕೋಹಾಲ್ ಹಾರಿದರೆ ದ್ರಾವಣ ಗಟ್ಟಿಯಾಗಿ ಅಂಕಿ ಏರಿದಂತೆ ಕಾಣುತ್ತದೆ.